ಮೊಬೈಲಿನಲ್ಲಿ ಗಣಿತ: ಯಾವ ತರಗತಿಯಿಂದ, ಯಾರ ಜೊತೆ?

2024ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ 625ಕ್ಕೆ 625 ಅಂಕ ಪಡೆದು ಇಡೀ ರಾಜ್ಯಕ್ಕೆ ಮೊದಲಿಗಳಾದವಳು ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದ ರೈತನ ಮಗಳು. ಅದೇ ತಾಲ್ಲೂಕಿನ ತಿಮ್ಮಾಪುರದ ಸುತ್ತಮುತ್ತಲಿನ ಊರುಗಳು ಹೆಮ್ಮೆಪಟ್ಟ ದಿನ ಅದು. ಅದೇ ಫಲಿತಾಂಶದ ಇನ್ನೊಂದು ಮುಖ ಅಷ್ಟು ಚರ್ಚೆಗೆ ಬರಲಿಲ್ಲ. 2023ರಲ್ಲಿ 83.89ರಷ್ಟಿದ್ದ ರಾಜ್ಯದ ಶೇಕಡಾವಾರು ತೇರ್ಗಡೆ ಆ ವರ್ಷ 73.40ಕ್ಕೆ ಇಳಿದಿತ್ತು. ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ನಕಲು ನಿಂತಾಗ, ಮಕ್ಕಳಿಗೆ ನಿಜಕ್ಕೂ ಎಷ್ಟು ಬರುತ್ತದೆ ಎಂಬುದು ಬಯಲಾಯಿತು. ಪೂರ್ಣಾಂಕ ಪಡೆದ ಹುಡುಗಿಯೂ, ಗಣಿತದ 80 ಅಂಕದ ಲಿಖಿತ ಪತ್ರಿಕೆಯಲ್ಲಿ ಎರಡಂಕಿ ಮುಟ್ಟಲು ಪರದಾಡುವ ಮಗುವೂ ಇರುವುದು ಇದೇ ಕಬ್ಬಿನ ಸೀಮೆಯಲ್ಲಿ.

ಇಂಥ ಮಗುವಿಗೆ ಏನು ಮಾಡೋಣ ಎಂದಾಗ ಈಗ ಎಲ್ಲರ ಬಾಯಲ್ಲೂ ಮೊದಲು ಬರುವುದು ಮೊಬೈಲ್ ಆ್ಯಪ್. ಪಾಲಕರ ಸಭೆಯಲ್ಲಿ, ಶಿಕ್ಷಕರ ತರಬೇತಿಯಲ್ಲಿ, ದಾನಿಗಳ ಮಾತಿನಲ್ಲಿ, ಸರ್ಕಾರದ ಯೋಜನೆಗಳಲ್ಲಿ ಅದು ಬಂದೇ ಬರುತ್ತದೆ. ಆ್ಯಪ್‌ನಿಂದ ಗಣಿತ ಬರುತ್ತದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಆಗದು. ಆದರೆ ಕಳೆದ ಎರಡು ದಶಕಗಳಲ್ಲಿ ಈ ಬಗ್ಗೆ ಒಳ್ಳೆಯ ಅಧ್ಯಯನಗಳು ನಡೆದಿವೆ. ಅವನ್ನು ನಮ್ಮ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳ ಮುಂದಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ನಾವು ಆ್ಯಪನ್ನು ಬಳಸುತ್ತಿರುವುದು ತಪ್ಪು ತರಗತಿಯಲ್ಲಿ, ತಪ್ಪು ಕೆಲಸಕ್ಕೆ.

ಮೊದಲು ಏನೇನಿದೆ ನೋಡೋಣ. ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ 2017ರಲ್ಲಿ ಬಂತು. ನಮ್ಮ ಪಠ್ಯಪುಸ್ತಕಗಳ ಅಧ್ಯಾಯಗಳಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸದ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಕೋವಿಡ್ ಕಾಲದಲ್ಲಿ ಶಿಕ್ಷಣ ಇಲಾಖೆ ಆರಂಭಿಸಿದ ‘ಮಕ್ಕಳ ವಾಣಿ’ ಯೂಟ್ಯೂಬ್ ಚಾನೆಲ್, ಚಂದನ ವಾಹಿನಿಯಲ್ಲಿ ಬಂದ ‘ಸಂವೇದ’ ಪಾಠಗಳು ಇವೆ. ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲಿ ಉಚಿತವಾಗಿ ಸಿಗುತ್ತವೆ. ಬೆಂಗಳೂರಿನ ಅಕ್ಷರ ಫೌಂಡೇಶನ್ ಕೆಳ ತರಗತಿಗಳ ಗಣಿತಕ್ಕೆಂದು ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಉಚಿತ ಆ್ಯಪ್ ಮಾಡಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆ ನಡೆಸಿ, ಊರಿನವರ ಎದುರೇ ಮಕ್ಕಳ ಲೆಕ್ಕವನ್ನು ಪರೀಕ್ಷೆಗೆ ಒಡ್ಡಿದ ಸಂಸ್ಥೆ ಅದು. ಜಿಯೊಜಿಬ್ರಾ ಇದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ 2001ರಲ್ಲಿ ಶುರುಮಾಡಿದ, ನಕ್ಷೆಗಳನ್ನೂ ಆಕೃತಿಗಳನ್ನೂ ಬರೆಯುವ ಈ ತಂತ್ರಾಂಶ ಈಗ ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಐಟಿ ಫಾರ್ ಚೇಂಜ್ ಸಂಸ್ಥೆಯೂ ರಾಜ್ಯದ ಡಿಎಸ್‌ಇಆರ್‌ಟಿಯೂ ಸೇರಿ ಪ್ರೌಢಶಾಲೆಯ ಗಣಿತ ಶಿಕ್ಷಕರಿಗೆ ಇದರ ತರಬೇತಿ ಕೊಟ್ಟಿದ್ದವು. ಆಗ ಕಲಿತ ಕೆಲವು ಶಿಕ್ಷಕರು ಇವತ್ತಿಗೂ ತರಗತಿಯಲ್ಲಿ ಅದನ್ನು ಬಳಸುತ್ತಾರೆ.

ದುಡ್ಡು ಕೊಟ್ಟು ಕೊಳ್ಳುವ ಆ್ಯಪ್‌ಗಳ ಕಥೆ ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲೇ ಹುಟ್ಟಿ, 2022ರಲ್ಲಿ 22 ಶತಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡ ಬೈಜೂಸ್, 2024ರ ಹೊತ್ತಿಗೆ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮಕ್ಕಳ ಕೈಯಲ್ಲಿ ನಿಜವಾಗಿ ಓಡಾಡುವುದು ಬೇರೆಯೇ ಸಾಮಗ್ರಿ. ವಾಟ್ಸಾಪ್ ಗ್ರೂಪಿನಲ್ಲಿ ಬರುವ ‘ಪಾಸಿಂಗ್ ಪ್ಯಾಕೇಜ್’ ಪಿಡಿಎಫ್, ಯೂಟ್ಯೂಬಿನಲ್ಲಿ ಖಾಸಗಿ ಶಿಕ್ಷಕರು ಹಾಕುವ ‘ಗ್ಯಾರಂಟಿ ಪ್ರಶ್ನೆಗಳು’, ಲೆಕ್ಕದ ಫೋಟೊ ಹಿಡಿದರೆ ಹಂತ ಹಂತವಾಗಿ ಬಿಡಿಸಿ ತೋರಿಸುವ ಫೋಟೊಮ್ಯಾಥ್ ತರಹದ ಆ್ಯಪ್‌ಗಳು, ಈಗೀಗ ಚಾಟ್‌ಜಿಪಿಟಿ. ಇವೆಲ್ಲ ಹತ್ತನೇ ತರಗತಿಯ ಜನವರಿ, ಫೆಬ್ರುವರಿಯಲ್ಲಿ ಮಕ್ಕಳ ಕೈ ಸೇರುತ್ತವೆ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಬಾಯಿಪಾಠ ಮಾಡಿಸಿ, ಅಂಕ ಖಾತ್ರಿಯಾದ ನಾಲ್ಕೈದು ಪ್ರಶ್ನೆಗಳನ್ನು ತಿದ್ದಿ ತೀಡಿ ದಡ ಸೇರಿಸುವುದು ಅವುಗಳ ಗುರಿ. ಪರೀಕ್ಷೆಯ ಭಯದಲ್ಲಿರುವ ಮಗುವಿಗೆ ಅದೂ ಬೇಕು, ನಾನು ಅದನ್ನು ಹಗುರವಾಗಿ ನೋಡುವುದಿಲ್ಲ. ಆದರೆ ಅದನ್ನು ಗಣಿತ ಕಲಿಕೆ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಈ ಮಕ್ಕಳು ಸಿಕ್ಕಿಹಾಕಿಕೊಂಡಿರುವುದು ಎಲ್ಲಿ ಎಂಬುದನ್ನು ಸ್ವಲ್ಪ ಹಿಂದೆ ಹೋಗಿ ನೋಡಬೇಕು. 2025–26ರಲ್ಲಿ ಹತ್ತನೇ ತರಗತಿ ಓದಿದ ಮಗು 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ನಾಲ್ಕನೇ ತರಗತಿಯಲ್ಲಿತ್ತು. ಐದನೇ ತರಗತಿಯನ್ನು ಅದು ಹೆಚ್ಚುಕಡಿಮೆ ಮನೆಯಲ್ಲೇ ಮುಗಿಸಿತು. ಗುಡಿಕಟ್ಟೆ, ಸಮುದಾಯ ಭವನಗಳಲ್ಲಿ ಶಿಕ್ಷಕರು ಪಾಠ ಮಾಡಿದ ‘ವಿದ್ಯಾಗಮ’ 2020ರ ಆಗಸ್ಟಿನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. 2021ರ ಸೆಪ್ಟೆಂಬರಿನಲ್ಲಿ ಶಾಲೆಯ ಬಾಗಿಲು ತೆರೆದಾಗ ಆ ಮಗು ಆರನೇ ತರಗತಿಗೆ ಬಂದಿತ್ತು. ಭಿನ್ನರಾಶಿ, ದೀರ್ಘ ಭಾಗಾಕಾರ, ದಶಮಾಂಶ ಕಲಿಯಬೇಕಾದ ಕಾಲ ಕೈಬಿಟ್ಟು ಹೋಗಿತ್ತು. ಮುಂದೆ ಬಂದ ಬೀಜಗಣಿತ, ಅನುಪಾತ, ತ್ರಿಕೋನಮಿತಿ ಎಲ್ಲವೂ ನಿಲ್ಲಬೇಕಾದದ್ದು ಅದೇ ಭಿನ್ನರಾಶಿಯ ಮೇಲೆ. ಗ್ರಾಮೀಣ ಭಾರತದ 14ರಿಂದ 18 ವರ್ಷದ ಮಕ್ಕಳನ್ನು ಮಾತನಾಡಿಸಿದ 2023ರ ಅಸರ್ ಸಮೀಕ್ಷೆಯಲ್ಲಿ, ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದವರು ಶೇ 43ರಷ್ಟು ಮಾತ್ರ.

ಹತ್ತನೇ ತರಗತಿಯ ಆ್ಯಪ್ ಈ ಮಗುವಿಗೆ ಏನು ಮಾಡುತ್ತದೆ? ವರ್ಗ ಸಮೀಕರಣದ ಪಾಠ ತೆರೆಯುತ್ತದೆ. ಸೂತ್ರ ತೋರಿಸುತ್ತದೆ. ಬೆಲೆಗಳನ್ನು ಆದೇಶಿಸಿ ಎನ್ನುತ್ತದೆ. ಮಗು ಒಂದು ಹೆಜ್ಜೆಯಲ್ಲಿ ಎರಡನೇ ಒಂದಕ್ಕೆ ಮೂರನೇ ಒಂದನ್ನು ಕೂಡಿಸಬೇಕಾದಾಗ ಮೇಲಿನವನ್ನು ಮೇಲೆ, ಕೆಳಗಿನವನ್ನು ಕೆಳಗೆ ಕೂಡಿಸಿ ಐದನೇ ಎರಡು ಎಂದು ಬರೆಯುತ್ತದೆ. ಪರದೆಯ ಮೇಲೆ ಕೆಂಪು ಗುರುತು ಬರುತ್ತದೆ. ಅದೇ ಸೂತ್ರದ ವಿಡಿಯೊ ಮತ್ತೊಮ್ಮೆ ಓಡುತ್ತದೆ. “ತಪ್ಪು ಅಂತ ಬಂತ್ರಿ ಸರ್, ಯಾಕ ತಪ್ಪು ಅಂತ ಬರಲಿಲ್ರಿ” ಎಂದು ಮಗು ಹೇಳುವುದು ಇಂಥ ಕಡೆಯೇ. ಒಬ್ಬ ಒಳ್ಳೆಯ ಶಿಕ್ಷಕ ಇಲ್ಲಿ ವರ್ಗ ಸಮೀಕರಣವನ್ನು ಬದಿಗಿಡುತ್ತಾರೆ. ಒಂದು ರೊಟ್ಟಿಯ ಅರ್ಧಕ್ಕೆ ಇನ್ನೊಂದರ ಮೂರನೇ ಒಂದು ಭಾಗ ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗಲು ಸಾಧ್ಯವೇ ಎಂದು ಕೇಳುತ್ತಾರೆ. ಐದನೇ ಎರಡು ಅರ್ಧಕ್ಕಿಂತ ಕಡಿಮೆ ಎಂದು ಮಗುವಿಗೆ ಹೊಳೆದ ಕ್ಷಣ ಅದರ ತಪ್ಪು ಅದಕ್ಕೇ ಕಾಣುತ್ತದೆ. ಈ ಪ್ರಶ್ನೆಯನ್ನು ಕೇಳಬಲ್ಲ ಆ್ಯಪ್‌ಗಳು ಇವೆ, ಆದರೆ ಅವು ಹತ್ತನೇ ತರಗತಿಯ ಪಠ್ಯದಿಂದ ಶುರುವಾಗುವುದಿಲ್ಲ. ಮಗು ನಿಂತ ಜಾಗದಿಂದ ಶುರುವಾಗುತ್ತವೆ.

ಅಂಥದ್ದೊಂದರ ಮೇಲೆ ನಡೆದ ಅತ್ಯಂತ ಗಟ್ಟಿಯಾದ ಅಧ್ಯಯನ ದೆಹಲಿಯದು. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್ ಮತ್ತು ಅಲೆಹಾಂದ್ರೊ ಗಾನಿಮಿಯಾನ್ ಎಂಬ ಅರ್ಥಶಾಸ್ತ್ರಜ್ಞರು ಸರ್ಕಾರಿ ಶಾಲೆಗಳ 619 ಮಕ್ಕಳ ಮೇಲೆ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಪರೀಕ್ಷಿಸಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಶಾಲೆಯ ನಂತರ ಕೇಂದ್ರಕ್ಕೆ ಬರುವ ಮಕ್ಕಳು ದಿನಕ್ಕೆ ಒಂದೂವರೆ ಗಂಟೆ ಕೂರುತ್ತಿದ್ದರು: ಅರ್ಧ ಹೊತ್ತು ಕಂಪ್ಯೂಟರ್ ಎದುರು, ಅರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಬೋಧಕರ ಜೊತೆ. ಯಾರಿಗೆ ಅವಕಾಶ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದರು. ನಾಲ್ಕೂವರೆ ತಿಂಗಳಲ್ಲಿ ಅವಕಾಶ ಸಿಕ್ಕ ಮಕ್ಕಳ ಗಣಿತ ಕಲಿಕೆ, ಸಿಗದವರ ಕಲಿಕೆಗಿಂತ ಎರಡು ಪಟ್ಟಿನಷ್ಟಾಯಿತು. ಅಧ್ಯಯನದ ಶುರುವಿನಲ್ಲೇ ಇನ್ನೊಂದು ಸಂಗತಿ ಬೆಳಕಿಗೆ ಬಂದಿತ್ತು. ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಎರಡೂವರೆ ತರಗತಿಯಷ್ಟು ಹಿಂದಿತ್ತು, ಮೇಲಿನ ತರಗತಿಗಳಿಗೆ ಹೋದಂತೆ ಆ ಅಂತರ ಹಿಗ್ಗುತ್ತಲೇ ಹೋಗಿತ್ತು. ಒಂದೇ ತರಗತಿಯಲ್ಲಿ ಕುಳಿತ ಮಕ್ಕಳ ಮಟ್ಟ ಐದಾರು ತರಗತಿಗಳಷ್ಟು ಹರಡಿತ್ತು. ಎಷ್ಟೇ ಸಮರ್ಥರಾದರೂ ಒಬ್ಬ ಶಿಕ್ಷಕರು ಅಷ್ಟು ಮಟ್ಟಗಳಿಗೆ ಏಕಕಾಲಕ್ಕೆ ಪಾಠ ಮಾಡಲಾರರು. ತಂತ್ರಾಂಶ ಅದನ್ನು ಮಾಡಿತು.

ಈ ಅಧ್ಯಯನವನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇದಕ್ಕಿಂತ ಮುಖ್ಯ ಎನಿಸುವುದು ಅದರ ಇನ್ನೊಂದು ಫಲಿತಾಂಶ. ಆ ಮಕ್ಕಳು ತಮ್ಮ ಶಾಲೆಯ ಪರೀಕ್ಷೆ ಬರೆದಾಗ ಹಿಂದಿಯಲ್ಲಿ ಅಂಕ ಏರಿತು, ಗಣಿತದಲ್ಲಿ ಗಮನಕ್ಕೆ ಬರುವಷ್ಟು ಏರಲಿಲ್ಲ. ಕಾರಣ ಸರಳ. ತಂತ್ರಾಂಶ ಅವರಿಗೆ ಕಲಿಸಿದ್ದು ಅವರಿಗೆ ಬಾರದಿದ್ದ ಮೂರು, ನಾಲ್ಕು, ಐದನೇ ತರಗತಿಗಳ ಗಣಿತ. ಶಾಲೆ ಕೇಳಿದ್ದು ಅವರು ಕುಳಿತ ತರಗತಿಯದು. ಕಲಿಕೆ ನಿಜವಾಗಿಯೂ ಆಗಿತ್ತು, ಅಂಕಪಟ್ಟಿಗೆ ತಲುಪಲು ಅದಕ್ಕೆ ಇನ್ನೂ ಕಾಲ ಬೇಕಿತ್ತು. ಇದನ್ನು ಅರಿಯದೆ ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಒಳ್ಳೆಯ ಆ್ಯಪ್ ಕೊಟ್ಟು, ಫಲಿತಾಂಶದಲ್ಲಿ ಅಂಕ ಬರಲಿಲ್ಲವೆಂದು ಅದನ್ನು ಮೂಲೆಗೆ ಹಾಕುವುದು ನಮ್ಮಲ್ಲಿ ನಡೆಯುತ್ತಲೇ ಇದೆ.

ಬೇರೆ ಅಧ್ಯಯನಗಳೂ ಇದಕ್ಕೆ ಪೂರಕವಾಗಿವೆ. ವಡೋದರಾದ ಪ್ರಾಥಮಿಕ ಶಾಲೆಗಳಲ್ಲಿ ವಾರಕ್ಕೆ ಎರಡು ಗಂಟೆ ಗಣಿತದ ಕಂಪ್ಯೂಟರ್ ಆಟ ಆಡಿದ ಮಕ್ಕಳು ಮುಂದೆ ಬಂದರು ಎಂದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರ 2007ರ ಅಧ್ಯಯನ ತೋರಿಸಿತು. ಗುಜರಾತಿನ ಜ್ಞಾನಶಾಲಾ ಕೇಂದ್ರಗಳಲ್ಲಿ ನಡೆದ ಪ್ರಯೋಗ ಒಂದು ಎಚ್ಚರಿಕೆ ಕೊಟ್ಟಿತು: ಪಾಠದ ಸಮಯ ಕಿತ್ತುಕೊಂಡು ಅದರ ಬದಲು ಕಂಪ್ಯೂಟರ್ ಇಟ್ಟಾಗ ಮಕ್ಕಳು ಹಿಂದೆ ಬಿದ್ದರು, ಶಾಲೆ ಬಿಟ್ಟ ಮೇಲೆ ಹೆಚ್ಚುವರಿಯಾಗಿ ಕೊಟ್ಟಾಗ ಮುಂದೆ ಬಂದರು. ಪೆರು ದೇಶ ಮಗುವಿಗೊಂದು ಲ್ಯಾಪ್‌ಟಾಪ್ ಹಂಚಿ ನೋಡಿತು, ಗಣಿತದಲ್ಲಿ ಏನೂ ಬದಲಾಗಲಿಲ್ಲ. ಯಂತ್ರವನ್ನು ಹಂಚಿದ ಮಾತ್ರಕ್ಕೆ ಕಲಿಕೆ ಬಾರದು ಎಂಬುದಕ್ಕೆ ಇದಕ್ಕಿಂತ ದುಬಾರಿ ಪುರಾವೆ ಬೇಕಿಲ್ಲ.

ಬೋಟ್ಸ್‌ವಾನಾ ದೇಶದ ಪ್ರಯೋಗ ನಮ್ಮ ಸೀಮೆಗೆ ಹೆಚ್ಚು ಹತ್ತಿರ ಎನಿಸುತ್ತದೆ. ಕೋವಿಡ್‌ನಲ್ಲಿ ಶಾಲೆ ಮುಚ್ಚಿದಾಗ ಅಲ್ಲಿ ಸುಮಾರು 4,500 ಕುಟುಂಬಗಳ ನಡುವೆ ಒಂದು ಅಧ್ಯಯನ ಮಾಡಿದರು. ಕೆಲವರಿಗೆ ವಾರಕ್ಕೊಂದು ಲೆಕ್ಕದ ಎಸ್ಸೆಮ್ಮೆಸ್, ಕೆಲವರಿಗೆ ಎಸ್ಸೆಮ್ಮೆಸ್ ಜೊತೆಗೆ ಬೋಧಕರ ಇಪ್ಪತ್ತು ನಿಮಿಷದ ಫೋನ್ ಕರೆ. ಬರೀ ಸಂದೇಶದಿಂದ ಹೆಚ್ಚೇನೂ ಆಗಲಿಲ್ಲ. ಕರೆ ಸೇರಿದಾಗ ಕಲಿಕೆ ಏರಿತು. ಬಟನ್ ಫೋನ್ ಸಾಕಾಗಿತ್ತು, ಮಗುವಿನ ಜೊತೆ ಮಾತಾಡುವ ಒಬ್ಬರು ಬೇಕಿತ್ತು. ಆ ಮಾದರಿಯನ್ನು ಕರ್ನಾಟಕ ತನ್ನ ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ‘ಗಣಿತ ಗಣಕ’ ಎಂಬ ಹೆಸರಿನಲ್ಲಿ ತಂದಿದೆ. ಶಿಕ್ಷಕರು ಮಗುವಿನ ಮನೆಗೆ ಫೋನ್ ಮಾಡಿ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕ ಹೇಳಿಕೊಡುತ್ತಾರೆ. ಪ್ರೌಢಶಾಲೆಯ ಮಕ್ಕಳಿಗೂ ಇಂಥದ್ದು ಬೇಕೆಂದು ಕೇಳಲು ನಮ್ಮ ಶಿಕ್ಷಕರ ಸಂಘಗಳಿಗೂ ಎಸ್‌ಡಿಎಂಸಿಗಳಿಗೂ ಪೂರ್ಣ ಹಕ್ಕಿದೆ.

ಉತ್ತರ ಬಿಡಿಸಿ ಕೊಡುವ ಆ್ಯಪ್‌ಗಳ ವಿಚಾರದಲ್ಲಿ ನನ್ನ ನಿಲುವು ಖಚಿತ. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳಿಗೆ ಗಣಿತ ಅಭ್ಯಾಸಕ್ಕೆ ಕೃತಕ ಬುದ್ಧಿಮತ್ತೆಯ ನೆರವು ಕೊಟ್ಟು ನಡೆಸಿದ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಕೇಳಿದ್ದಕ್ಕೆ ಉತ್ತರ ಕೊಡುವ ಚಾಟ್‌ಬಾಟ್ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ ಉಳಿದವರಿಗಿಂತ ಶೇ 48ರಷ್ಟು ಚೆನ್ನಾಗಿ ಮಾಡಿದರು. ಅದನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಚಾಟ್‌ಬಾಟನ್ನೇ ಕಾಣದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಇನ್ನೊಂದು ಗುಂಪಿಗೆ ಕೊಟ್ಟಿದ್ದು ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ಸಲಹೆಯಿಂದ ರೂಪಿಸಿದ ಚಾಟ್‌ಬಾಟ್. ಅವರಿಗೆ ಈ ನಷ್ಟ ಆಗಲಿಲ್ಲ. ಹತ್ತನೇ ತರಗತಿಯ ಮಗು ಲೆಕ್ಕದ ಫೋಟೊ ಹಿಡಿದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಾಗ ತನಗೆ ಬರುತ್ತದೆ ಎಂದೇ ಪ್ರಾಮಾಣಿಕವಾಗಿ ನಂಬಿರುತ್ತದೆ. ಆ ನಂಬಿಕೆ ಮುರಿಯುವುದು ಪರೀಕ್ಷಾ ಕೊಠಡಿಯಲ್ಲಿ. ಹೀಗಾಗಿ ನೇರ ಉತ್ತರ ಕೊಡುವ ಆ್ಯಪನ್ನು ಪ್ರೌಢಶಾಲೆಯ ಮಗುವಿನ ಫೋನಿನಿಂದ ತೆಗೆಸುವುದೇ ಸರಿ ಎನ್ನುತ್ತೇನೆ. ಬೇಕಿದ್ದರೆ ಶಿಕ್ಷಕರು ಬಳಸಲಿ.

ಇನ್ನು ಫೋನಿನ ವಿಚಾರ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ ಎಂದು ಕೇಳಿದರೆ ಈಗ ಬಹುತೇಕ ಮಕ್ಕಳು ಇದೆ ಎನ್ನುತ್ತಾರೆ. ಅದು ಯಾರದು, ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಕೇಳಿದಾಗ ಚಿತ್ರ ಬದಲಾಗುತ್ತದೆ. ಅಸರ್ 2023ರ ಪ್ರಕಾರ ಸ್ಮಾರ್ಟ್‌ಫೋನ್ ಬಳಸಬಲ್ಲ ಗಂಡುಮಕ್ಕಳಲ್ಲಿ ಶೇ 43.7 ಮಂದಿಗೆ ಸ್ವಂತದ್ದಿತ್ತು, ಹೆಣ್ಣುಮಕ್ಕಳಲ್ಲಿ ಶೇ 19.8ಕ್ಕೆ ಮಾತ್ರ. ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಸಂಜೆ ಶಾಲೆಯಿಂದ ಬಂದ ಹುಡುಗಿ ಕಂಡಿಕೆ ಸುತ್ತಲು ಕೂರುತ್ತಾಳೆ. ಪವರ್‌ಲೂಮಿನ ಸದ್ದಿನಲ್ಲಿ ವಿಡಿಯೊ ಪಾಠ ಕೇಳಿಸುವುದೂ ಇಲ್ಲ. ಫೋನ್ ಅಪ್ಪನದು, ಸೀರೆ ವ್ಯಾಪಾರಿಯ ಕರೆ ಬರುವುದು ಅದಕ್ಕೇ. ರಾತ್ರಿ ಅದು ಅಣ್ಣನ ಕೈಗೆ ಹೋಗುತ್ತದೆ. ಮುಧೋಳ, ಜಮಖಂಡಿಯ ಹಳ್ಳಿಗಳಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಮನೆಯ ಫೋನು ಕಬ್ಬು ಕಡಿಯುವ ಗ್ಯಾಂಗಿನವರ ಜೊತೆ, ಟ್ರ್ಯಾಕ್ಟರಿನವರ ಜೊತೆ ಹೊಲದಲ್ಲಿರುತ್ತದೆ. ಆ ಗ್ಯಾಂಗಿನವರ ಜೊತೆ ಬಂದು ಗುಡಿಸಲಲ್ಲಿ ಉಳಿಯುವ ಮಕ್ಕಳಿಗೆ ಶಾಲೆಯೇ ದೂರ, ಅವರ ಮಾತನ್ನು ಯಾವ ಆ್ಯಪ್ ಯೋಜನೆಯೂ ಎತ್ತುವುದಿಲ್ಲ. ಶಾಲೆಗೆ ಮೊಬೈಲ್ ತರುವಂತಿಲ್ಲ ಎಂಬುದು ಬಹುತೇಕ ಶಾಲೆಗಳ ನಿಯಮ, ಅದು ಸರಿಯಾದದ್ದೇ. ಅಸರ್ 2024ರಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ 14–16 ವಯಸ್ಸಿನ ಮಕ್ಕಳ ಪೈಕಿ ಹಿಂದಿನ ವಾರ ಫೋನನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಮಗುವಿನ ಸ್ವಂತ ಫೋನಿನ ಮೇಲೆ ಗಣಿತದ ಭಾರ ಹೇರುವ ಯಾವ ಯೋಜನೆಯೂ ಹೆಣ್ಣುಮಕ್ಕಳನ್ನೂ ಬಡವರ ಮಕ್ಕಳನ್ನೂ ಹೊರಗಿಟ್ಟೇ ಶುರುವಾಗುತ್ತದೆ.

ಹಾಗಾದರೆ ಫೋನು ಎಲ್ಲಿರಬೇಕು? ಶಾಲೆಯಲ್ಲಿ, ಶಿಕ್ಷಕರ ಸುಪರ್ದಿಯಲ್ಲಿ. ಒಂದೇ ಒಂದು ಫೋನ್ ಇದ್ದರೂ ಏನು ಮಾಡಬಹುದು ಎಂಬುದಕ್ಕೆ ತಿಮ್ಮಾಪುರದ ಮಕ್ಕಳಿಗೆ ತೀರ ಹತ್ತಿರದ ಲೆಕ್ಕವೊಂದನ್ನು ತೆಗೆದುಕೊಳ್ಳುತ್ತೇನೆ. ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ಊರು ಇದು, ಕಬ್ಬಿನ ದರ ಇಲ್ಲಿ ಮನೆಮನೆಯ ಮಾತು. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ), ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಇಳುವರಿ 0.1 ಏರಿದರೆ ಕ್ವಿಂಟಲಿಗೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. 9.5ಕ್ಕಿಂತ ಕೆಳಗೆ ಎಷ್ಟೇ ಇಳಿದರೂ ದರ 329.05ಕ್ಕೆ ನಿಲ್ಲುತ್ತದೆ. ಇಳುವರಿಯನ್ನು x, ಟನ್ನಿನ ದರವನ್ನು y ಎಂದರೆ, x 9.5ಕ್ಕಿಂತ ಕೆಳಗಿಳಿಯದವರೆಗೆ y = 3550 + 346(x − 10.25). ಜಿಯೊಜಿಬ್ರಾದಲ್ಲಿ ಇದನ್ನು ಬರೆದ ಕೂಡಲೇ ಒಂದು ಓರೆ ರೇಖೆ ಮೂಡುತ್ತದೆ. ಅದರ ಓರೆಯೇ 346. ಇಳುವರಿ 11 ಆದರೆ ದರ ಎಷ್ಟು? ಬೆರಳಿನಿಂದ ಬಿಂದುವನ್ನು ಸರಿಸುವ ಮೊದಲು ಮಕ್ಕಳು ನೋಟ್‌ಬುಕ್ಕಿನಲ್ಲಿ ಬಿಡಿಸಲಿ, ಆಮೇಲೆ ಪರದೆಯಲ್ಲಿ 3,809.50 ಬಂತೇ ಎಂದು ನೋಡಲಿ. ಇನ್ನೊಂದು ಕಾರ್ಖಾನೆ ಇಳುವರಿ ಎಷ್ಟೇ ಇರಲಿ 3,700 ಕೊಡುತ್ತೇನೆ ಎಂದರೆ? ಈಗ ಅಡ್ಡಲಾಗಿ ಇನ್ನೊಂದು ರೇಖೆ. ಎರಡೂ ಸೇರುವುದು ಸುಮಾರು 10.68ರಲ್ಲಿ. ಅದಕ್ಕಿಂತ ಕಡಿಮೆ ಇಳುವರಿಯಾದರೆ ಎರಡನೆಯ ಕಾರ್ಖಾನೆ ಲಾಭ, ಹೆಚ್ಚಾದರೆ ಮೊದಲನೆಯದು. ಕಟಾವು ಮತ್ತು ಸಾಗಣೆಗೆಂದು ಟನ್ನಿಗೆ ಇಷ್ಟು ಎಂದು ಮುರಿದುಕೊಂಡರೆ ಮೊದಲ ರೇಖೆ ಕೆಳಗೆ ಜಾರುತ್ತದೆ, ಓರೆ ಮಾತ್ರ ಬದಲಾಗುವುದಿಲ್ಲ. ಹಳೆಯ ರೇಖೆ, ಹೊಸ ರೇಖೆ ಎಲ್ಲಿಯೂ ಸೇರವು. ಹತ್ತನೇ ತರಗತಿಯ ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ’ಯಲ್ಲಿ ಪರಿಹಾರವಿಲ್ಲದ ಜೋಡಿ ಎಂದು ಓದುವುದು ಇದನ್ನೇ. ಅಪ್ಪ ಮನೆಯಲ್ಲಿ ದಿನವೂ ಆಡುವ ಮಾತಿಗೆ ಬೀಜಗಣಿತ ಹೀಗೆ ಹತ್ತಿರ ಬಂದಾಗ ಹಿಂದಿನ ಬೆಂಚಿನ ಹುಡುಗನೂ ತಲೆ ಎತ್ತುತ್ತಾನೆ.

ವ್ಯವಹಾರಕ್ಕೆ ಕಟ್ಟಿದ ಇಂಥ ಗಣಿತ ಕನ್ನಡಕ್ಕೆ ಹೊಸದೂ ಅಲ್ಲ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಈಗಿನ ಬಹುತೇಕ ಆ್ಯಪ್‌ಗಳಲ್ಲಿ ಉದಾಹರಣೆಯಾಗಿ ಬರುವುದು ಪಿಜ್ಜಾ ತುಂಡು, ಮಾಲ್‌ನ ರಿಯಾಯಿತಿ. ಕಬ್ಬು, ಮಗ್ಗ, ಬೆಲ್ಲದ ಗಾಣ, ದ್ರಾಕ್ಷಿ ತೋಟದ ಲೆಕ್ಕಗಳನ್ನು ಸೇರಿಸುವುದು ನಮ್ಮ ಶಿಕ್ಷಕರಿಂದಲೇ ಆಗಬೇಕಾದ ಕೆಲಸ. ಜಿಯೊಜಿಬ್ರಾ ಅದಕ್ಕೆ ಜಾಗ ಕೊಡುತ್ತದೆ, ಸಿದ್ಧ ಪಾಠದ ಆ್ಯಪ್‌ಗಳು ಕೊಡುವುದಿಲ್ಲ. ನಾನು ಅದನ್ನು ಮೆಚ್ಚಲು ಇದೂ ಒಂದು ಕಾರಣ.

ನಮ್ಮಲ್ಲಿ ಪ್ರೌಢಶಾಲೆ ಶುರುವಾಗುವುದು ಎಂಟನೇ ತರಗತಿಯಿಂದ. ಸುತ್ತಲಿನ ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಏಳನೆಯದು ಮುಗಿಸಿದ ಮಕ್ಕಳು, ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿನಿಂದ ಎದ್ದುಬಂದ ಪುನರ್ವಸತಿ ಕೇಂದ್ರಗಳ ಮಕ್ಕಳು, ಅಲ್ಲಿ ಮೊದಲ ಬಾರಿಗೆ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಯಾರು ಎಲ್ಲಿ ನಿಂತಿದ್ದಾರೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಿಂದಿನ ತರಗತಿಗಳ ಕಲಿಕೆಯನ್ನು ಅಳೆಯುವ ಜೂನಿನ ಸೇತುಬಂಧ ಪರೀಕ್ಷೆಯನ್ನು ವರದಿ ಕಳಿಸಿ ಕೈತೊಳೆದುಕೊಳ್ಳದೆ ಮಗುವಿನ ಮಟ್ಟ ಗುರುತಿಸಲು ಬಳಸಬಹುದು. ಶಾಲೆಯಲ್ಲಿ ಎಂಟು ಹತ್ತು ಟ್ಯಾಬ್ ಅಥವಾ ಹಳೆಯ ಫೋನುಗಳಿದ್ದರೆ ಸಾಕು. ಇಂಟರ್‌ನೆಟ್ ಇದ್ದಾಗ ಪಾಠಗಳನ್ನು ಇಳಿಸಿಕೊಂಡು ಉಳಿದ ಹೊತ್ತು ಇಲ್ಲದೆಯೂ ನಡೆಸಬಹುದು. ಗಣಿತದ ಪೀರಿಯಡ್ ಮುಟ್ಟಬಾರದು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಮನೆ ಸೇರುವಂತೆ. ಅರ್ಧ ಗಂಟೆ ಮಗು ತನ್ನ ಮಟ್ಟದ ಲೆಕ್ಕ ಬಿಡಿಸಲಿ, ಅದು ನಾಲ್ಕನೇ ತರಗತಿಯದೇ ಆಗಿರಲಿ, ಅದರಲ್ಲಿ ನಾಚಿಕೆಯೇನಿಲ್ಲ. ಉಳಿದರ್ಧ ಗಂಟೆ ಆ ದಿನದ ತಪ್ಪುಗಳನ್ನು ಹಿಡಿದು ಶಿಕ್ಷಕರು ಸಣ್ಣ ಗುಂಪಿನ ಜೊತೆ ಕೂರಲಿ. ಹೆಚ್ಚುವರಿ ಗಂಟೆಗೆ ಶಿಕ್ಷಕರಿಗೆ ಗೌರವಧನ ಬೇಕೇ ಬೇಕು. ಇದನ್ನು ಅವರ ತ್ಯಾಗಕ್ಕೆ ಬಿಟ್ಟರೆ ಒಂದು ವರ್ಷಕ್ಕಿಂತ ಹೆಚ್ಚು ನಡೆಯದು.

ಅಕ್ಟೋಬರ್ ಕೊನೆಗೆ ಕಾರ್ಖಾನೆಗಳು ಕಬ್ಬು ನುರಿಸಲು ಅಣಿಯಾಗುತ್ತವೆ. ಹೊಲದ ಕೆಲಸ ಏರಿದಂತೆ ಹಾಜರಿ ಇಳಿಯುತ್ತದೆ. ಅದಕ್ಕೂ ಮೊದಲು ಎಂಟನೇ ತರಗತಿಯ ಮಗುವಿಗೆ ಜೂನಿನಿಂದ ದಸರಾ ರಜೆಯವರೆಗೆ ನಾಲ್ಕು ತಿಂಗಳು ಸಿಗುತ್ತದೆ. ದೆಹಲಿಯ ಆ ಪ್ರಯೋಗ ನಡೆದದ್ದೂ ಹೆಚ್ಚುಕಡಿಮೆ ಅಷ್ಟೇ ಕಾಲ. ಆಗ ಕಲಿತದ್ದು ಅಂಕಪಟ್ಟಿಗೆ ತಲುಪಲು ಮುಂದೆ ಇನ್ನೂ ಎರಡೂವರೆ ವರ್ಷ ಇರುತ್ತದೆ.